ಕರಿಯಮ್ಮ ತವರಿಗೆ ಬಂದ ವರ್ಷ

ಮೊಣಕಾಲಿಗೆ ತಿಕ್ಕಲು ಸೊಸೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬರುತ್ತಾಳೆ. ಆ ವಾಸನೆ ಮೂಗಿಗೆ ತಾಗಿದ ಕೂಡಲೇ ನನಗೆ ಮೊಣಕಾಲು ಮರೆತು ಭುಜ ನೆನಪಾಗುತ್ತದೆ. ನಮ್ಮ ದೇವರು ಕರಿಯಮ್ಮನನ್ನು ಹೊರುವ ಅಡ್ಡೆಗೆ ಹಚ್ಚುತ್ತಿದ್ದುದು ಇದೇ ಎಣ್ಣೆ. ಹರಳೆಣ್ಣೆ ಕುಡಿದ ಮರ ಬಿಸಿಲಿಗೆ ಕಾದು, ಹೊತ್ತವನ ಬೆವರಿನ ಜೊತೆ ಸೇರಿದರೆ ಒಂದು ವಾಸನೆ ಬರುತ್ತದಲ್ಲ, ಅದನ್ನು ಮಾತಿನಲ್ಲಿ ಹೇಳಲು ನನ್ನಿಂದ ಆಗದು. ಆದರೆ ಅದರ ಹಿಂದೆಯೇ ಒಂದು ವರ್ಷ ಪೂರ್ತಿ ಎದ್ದು ಬರುತ್ತದೆ. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಮದುವೆಯಾಗಿ ಹೋದ ನನ್ನ ತಂಗಿ ಹಾಲಮ್ಮ ತಿರುಗಿ ನಮ್ಮ ಮನೆಯಲ್ಲೇ ಇದ್ದ ವರ್ಷ.

ನಮ್ಮೂರು ಕಳ್ಳಿಕಟ್ಟೆ, ಯಗಟಿಯಿಂದ ನಡೆದು ಹೋಗುವಷ್ಟು ದೂರ. ರಾಗಿ, ಹುರುಳಿ, ಒಂದಷ್ಟು ತೆಂಗು, ಕುರಿ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಪ್ಪ ತೀರಿಕೊಂಡಾಗ ಮನೆಯಲ್ಲಿ ಗಂಡು ಅಂತ ಉಳಿದವನು ನಾನೊಬ್ಬನೇ. ಈರುಳ್ಳಿ ಕಾಲದಲ್ಲಿ ಅಜ್ಜಂಪುರದ ರೈಲ್ವೆ ಸ್ಟೇಷನ್ನಿಗೆ ಹೋಗಿ ವ್ಯಾಗನ್ನಿಗೆ ಮೂಟೆ ತುಂಬುತ್ತಿದ್ದೆ, ಉಳಿದ ಕಾಲದಲ್ಲಿ ಹೊಲ. ಯಾರ ಮುಂದೆಯೂ ಕೈಚಾಚದೆ ತಂಗಿಯ ಮದುವೆ ಮಾಡಿದೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹಾಲಮ್ಮನನ್ನು ಕೊಟ್ಟದ್ದು ಹಿರೇನಲ್ಲೂರು ಕಡೆಯ ಬಂಡೆಹಳ್ಳಿಗೆ. ಕರಿಯಮ್ಮನ ಗುಡಿ ಇರುವ ಊರೂ ಅದೇ. ಕರಿಯಮ್ಮ ನಮ್ಮ ಮನೆಯ ಹೆಣ್ಣುಮಗಳು, ಬಂಡೆಹಳ್ಳಿಗೆ ಸೊಸೆಯಾಗಿ ಹೋದವಳು, ಅಲ್ಲಿ ದೇವರಾದಳು ಎಂದು ಹಿರಿಯರು ಹೇಳುತ್ತಿದ್ದರು. ಯಾವ ಕಾಲದ ಮಾತೋ. ಆದರೆ ನಾವ್ಯಾರೂ ಅದನ್ನು ಕತೆ ಅಂದುಕೊಂಡವರಲ್ಲ. ಮೂರು ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದು ಚಳಿ ಬಿಟ್ಟ ಮೇಲೆ, ಅಮ್ಮ ಅಡ್ಡೆಯ ಮೇಲೆ ಕೂತು ತವರಿಗೆ ಬರುತ್ತಿದ್ದಳು. ಬಂದರೆ ನಮ್ಮ ನಡುಮನೆಯಲ್ಲೇ ಅವಳ ವಾಸ. ಬಂದ ದಿನ ಅವಳಿಗೆ ಹೋಳಿಗೆ ಪಾಯಸ ಇಲ್ಲ. ರಾಗಿಮುದ್ದೆ, ಹುರುಳಿಸಾರು, ಒಂದು ಬೆಲ್ಲದ ಚೂರು. "ಮಗಳು ಬಂದವ್ಳೆ ಕಣ್ರೋ, ನೆಂಟರು ಬಂದಿಲ್ಲ. ಮನೆ ಊಟ ಇಕ್ಕಿ," ಅನ್ನುತ್ತಿದ್ದರು ನಮ್ಮಜ್ಜಿ. ಹೊರಡುವ ದಿನ ಮಾತ್ರ ಹೊಸ ಸೀರೆ, ಮಡಿಲಕ್ಕಿ. ಮಡಿಲು ತುಂಬಿ ಅತ್ತು ಕಳಿಸುವುದು.

ಹಾಲಮ್ಮ ಚೊಚ್ಚಲ ಬಾಣಂತನಕ್ಕೆ ಬಂದವಳು. ಗಂಡು ಮಗು ಹುಟ್ಟಿತು, ಹೆಸರಿಡುವ ಮೊದಲೇ ಹೋಯಿತು. ಜ್ವರ ಅಂದರು, ಕಡೂರಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು, ಉಳಿಯಲಿಲ್ಲ. ಮಣ್ಣಿಗೆ ಬಂದ ಅವಳ ಅತ್ತೆ ನಮ್ಮ ಅಂಗಳದಲ್ಲೇ ನಿಂತು, "ಮೊಮ್ಮಗನ್ನ ಉಳಿಸ್ಕೊಳ್ಳಲಾರದ ಮನೆ ಇದು. ಇವಳ್ನ ಇಲ್ಲೇ ಇಟ್ಕಳಿ," ಅಂದು ಹೋದರು. ಗಂಡ ಶಿವಣ್ಣ ತಾಯಿಯ ಹಿಂದೆ ತಲೆ ತಗ್ಗಿಸಿಕೊಂಡು ಹೋದ. ಬಾಣಂತನ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು, ಅದು ನಮ್ಮ ಕಡೆಯ ಪದ್ಧತಿ. ಯಾರೂ ಬರಲಿಲ್ಲ. ವರ್ಷ ದಾಟಿತು.

ಅವ್ವ ಒಂದೇ ಸಮ ಹೇಳುತ್ತಿದ್ದಳು: "ನೀನೇ ಒಂದ್ಸಲ ಹೋಗಿ ಬಿಟ್ಟು ಬಾರೋ ರುದ್ರ. ಹೆಣ್ಣು ಹೆತ್ತೋರಿಗೆ ಬಿಗುಮಾನ ಯಾಕೆ?"

"ಅವಳೇನು ಬಸ್ಸಲ್ಲಿ ಮರೆತು ಬಂದ ಚೀಲವೇನವ್ವ, ಹುಡುಕ್ಕೊಂಡು ಹೋಗಿ ಕೊಟ್ಟು ಬರೋಕೆ? ಕರೆಯೋಕೆ ಬರ್ಲಿ, ಕಳಿಸ್ತೀನಿ," ಅನ್ನುತ್ತಿದ್ದೆ. ಆ ಮಾತು ಇವತ್ತಿಗೂ ನನಗೆ ತಪ್ಪು ಅನ್ನಿಸಿಲ್ಲ. ಆದರೆ ಹಾಲಮ್ಮನ ಮುಖ ನೋಡುವುದು ಕಷ್ಟವಾಗುತ್ತಿತ್ತು. ಮೈಮುರಿದು ಕೆಲಸ ಮಾಡುತ್ತಿದ್ದಳು, ಯಾವತ್ತೂ ಒಂದು ಕೊಂಕು ಮಾತಿಲ್ಲ. ಕಡೂರು ಬಸ್ಸಿನ ಹಾರನ್ ಕೇಳಿದರೆ ಮಾತ್ರ ಬೀಸುವ ಕಲ್ಲು ಒಂದು ಗಳಿಗೆ ನಿಲ್ಲುತ್ತಿತ್ತು.

ಅಂಥ ವರ್ಷ ಅಮ್ಮ ತವರಿಗೆ ಬರುವ ವರ್ಷವೂ ಆಯಿತು.

ಅಡ್ಡೆ ಅಂದರೆ ಎರಡು ಉದ್ದನೆಯ ಗಳ, ನಡುವೆ ಪೀಠ, ಪೀಠದ ಮೇಲೆ ಅಮ್ಮ. ಮುಂದೊಬ್ಬ, ಹಿಂದೊಬ್ಬ. ಎರಡು ಗಳದ ನಡುವೆ ನಿಂತು ಎರಡೂ ಭುಜಕ್ಕೆ ಕೊಟ್ಟು ಹೊರಬೇಕು. ಊರ ಗಡಿಯ ತನಕ ಹೊತ್ತು ತರುವವರು ಇಬ್ಬರೂ ಬಂಡೆಹಳ್ಳಿಯವರೇ. ಗಡಿಯಲ್ಲಿ ಮುಂದಿನವನು ಇಳಿಸಿಕೊಡುತ್ತಾನೆ, ಆ ಜಾಗಕ್ಕೆ ತವರುಮನೆಯ ಯಜಮಾನ ಭುಜ ಕೊಡಬೇಕು. ಹಿಂದೆ ಮಾತ್ರ ಅವರ ಕಡೆಯವನೇ. ತವರಿನವರು ಎಳೆಯಬೇಕು, ಗಂಡನ ಊರಿನವರು ತಡೆಯಬೇಕು, ನಡುವೆ ಅಮ್ಮ ತೂಗಾಡಿಕೊಂಡು ಬರಬೇಕು ಎಂದು ತಮಾಷೆಗೆ ಹೇಳುತ್ತಿದ್ದರು.

ಗಡಿಗೆ ಹೋಗಿ ನೋಡುತ್ತೇನೆ, ಹಿಂದೆ ಗಳದ ನಡುವೆ ನಿಂತವನು ಶಿವಣ್ಣ. ಇಳಿದುಹೋಗಿದ್ದ. ಗಡ್ಡ ಬಂದಿತ್ತು. ಕಣ್ಣು ಸೇರಿಸಲಿಲ್ಲ. ನಾನೂ ಸೇರಿಸಲಿಲ್ಲ. ಅವನಿಗೆ ಬೆನ್ನು ಕೊಟ್ಟು ಗಳದ ನಡುವೆ ಹೊಕ್ಕೆ.

ಅಡ್ಡೆ ಹೊತ್ತು ಬಂದವನಿಗೆ ಒಂದು ಕಟ್ಟುಪಾಡಿದೆ. ಅಮ್ಮ ಗುಡಿ ಬಿಟ್ಟು ಗುಡಿ ಸೇರುವ ತನಕ ಅವನು ಯಾರ ಅಳಿಯನೂ ಅಲ್ಲ, ಯಾರ ಗಂಡನೂ ಅಲ್ಲ. ಜಗಲಿಯಲ್ಲೇ ಊಟ, ಜಗಲಿಯಲ್ಲೇ ನಿದ್ದೆ. ಹೊಸಿಲು ದಾಟುವಂತಿಲ್ಲ, ಸಂಸಾರದ ಮಾತು ಎತ್ತುವಂತಿಲ್ಲ. ಗಳ ಭುಜದ ಮೇಲಿದ್ದಾಗಲಂತೂ ಹೊತ್ತವರು ಯಾರೂ ಬಾಯಿ ತೆರೆಯುವಂತೆಯೇ ಇಲ್ಲ. ಹಾಗಾಗಿ ಶಿವಣ್ಣ ನಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತ. ಹಾಲಮ್ಮ ಒಳಗೆ. ನಡುವೆ ಒಂದು ಗೋಡೆ. ಅವ್ವ ಊಟಕ್ಕೆ ಬಡಿಸುವಾಗ ಅವನ ಮುದ್ದೆಯ ಮೇಲೆ ಒಂದು ಸೌಟು ತುಪ್ಪ ಜಾಸ್ತಿಯೇ ಹಾಕಿದಳು.

"ಏನತ್ತಿಗೆ, ನಮ್ಮ ಎಲೆಗೆಲ್ಲ ತುಪ್ಪದ ವಾಸನೆ ಮಾತ್ರವಾ?" ಎಂದು ಪಕ್ಕದ ಮನೆಯ ನಂಜಪ್ಪಮಾವ ರೇಗಿಸಿದರು. ಊರಿನ ಯಾವ ಕೆಲಸದಲ್ಲೂ ಮಾತು ಅವರದೇ ಮೊದಲು.

"ಮಾತು ಎತ್ತಬಾರ್ದು ಅಂತ ಕಟ್ಟು ಅದೆ. ತುಪ್ಪ ಹಾಕ್ಬಾರ್ದು ಅಂತ ಎಲ್ಲಿ ಅದೆ?" ಅಂದಳು ಅವ್ವ.

ಮಾರನೆಯ ಬೆಳಿಗ್ಗೆ ಅಮ್ಮನಿಗೆ ಎಣ್ಣೆ ನೀರು. ಆ ಒಂದು ಕೆಲಸ ಪೂಜಾರಿಯದಲ್ಲ, ಮನೆಯ ಹೆಂಗಸರದು. ಗಂಡಸರೆಲ್ಲ ಹೊರಗೆ. ಮೂರ್ತಿಗೆ ಹರಳೆಣ್ಣೆ ಹಚ್ಚುತ್ತ, ಅವಳು ಹೋದಾಗಿನಿಂದ ಮನೆಯಲ್ಲಿ ಏನೇನಾಯಿತು ಎಂದು ಒಬ್ಬೊಬ್ಬರಾಗಿ ಹೇಳಬೇಕು. ತವರಿಗೆ ಬಂದ ಮಗಳ ತಲೆಗೆ ಎಣ್ಣೆ ಒತ್ತುವಾಗ ಹೇಳುವುದಿಲ್ಲವೇ, ಹಾಗೆ. ಜಗಲಿಯಲ್ಲಿ ಕೂತವರಿಗೆ ಎಲ್ಲ ಕೇಳುತ್ತಿತ್ತು. ಅಜ್ಜಿ ತಮ್ಮ ಹಲ್ಲು ಬಿದ್ದ ಸುದ್ದಿ ಹೇಳಿದರು, ಕೆಂದ ಹಸು ಕರು ಹಾಕಿದ್ದನ್ನು ಹೇಳಿದರು, "ಇವನಿಗೊಂದು ಹೆಣ್ಣು ನೋಡೇ ತಾಯಿ, ಮೂಗಿನ ಮೇಲೆ ಸಿಟ್ಟು ಇವ್ನಿಗೆ," ಎಂದು ನನ್ನ ಮೇಲೂ ಚಾಡಿ ಹೇಳಿದರು. ಹೊರಗೆ ಕೂತವರು ನಕ್ಕರು.

ಆಮೇಲೆ ಹಾಲಮ್ಮನ ಸರದಿ. ಎಣ್ಣೆ ಬಟ್ಟಲು ಕಲ್ಲಿಗೆ ತಾಗಿದ ಶಬ್ದ. ಆಮೇಲೆ ಮೆಲ್ಲಗೆ ಕೇಳಿಸಿತು:

"ಕೂಸು ಉಳೀಲಿಲ್ಲ ಕಣಕ್ಕ."

ದೇವರನ್ನು ಅವಳು ಅಕ್ಕ ಅಂದದ್ದು ನಾನು ಕೇಳಿದ್ದು ಅದೇ ಮೊದಲು. ಮತ್ತೆ ಅವಳದೇ ದನಿ: "ಅವ್ರ ಮೂಗೇ ಇತ್ತು ಅದಕ್ಕೆ. ಅವ್ರು ಸರಿಯಾಗಿ ನೋಡ್ಲೂ ಇಲ್ಲ... ನಂಗೆ ಯಾರ ಮೇಲೂ ಸಿಟ್ಟಿಲ್ಲ. ನಿನ್ನಾದ್ರೆ ಹೆಗಲ ಮೇಲೆ ಹೊತ್ಕೊಂಡು ಬತ್ತಾರೆ, ಹೆಗಲ ಮೇಲೆ ಹೊತ್ಕೊಂಡು ಹೋಯ್ತಾರೆ. ನನ್ನ ನಡೆಸ್ಕೊಂಡು ಹೋಗೋಕೂ ಒಬ್ರು ಬರ್ಲಿಲ್ಲ ನೋಡು."

ನಂಜಪ್ಪಮಾವ ಎಲೆಯಡಿಕೆ ಚೀಲದೊಳಗೆ ಏನೋ ಹುಡುಕತೊಡಗಿದರು. ನಾನು ಶಿವಣ್ಣನ ಕಡೆ ನೋಡಿದೆ. ಅವನು ಕಂಬದ ಕಡೆ ಮುಖ ಮಾಡಿ, ಸವೆದ ಜಾಗವೊಂದನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತ ಕೂತಿದ್ದ. ಒಂದು ಮಾತಾಡಲಿ, ಕಟ್ಟು ಗಿಟ್ಟು ಆಮೇಲೆ ನೋಡೋಣ ಅನ್ನಿಸಿತು. ಅವನು ಉಜ್ಜುತ್ತಲೇ ಇದ್ದ. ನಾನು ಎದ್ದು ದನಗಳಿಗೆ ಹುಲ್ಲು ಹಾಕಲು ಹೋದೆ.

ಮಧ್ಯಾಹ್ನ ಕಡೂರಿನಿಂದ ಬಳೆ ಸಾಬರು ಬಂದರು. ಅಮ್ಮನ ಬಳೆ ತಲೆಮಾರಿನಿಂದ ಅವರ ಮನೆಯದೇ. ಅಮ್ಮನ ಮುಂದೆ ಹಸಿರು ಬಳೆ ಇಟ್ಟು ಕೈಮುಗಿದು, ಜಗಲಿಗೆ ಬಂದು ಮನೆಯ ಹೆಣ್ಣುಮಕ್ಕಳನ್ನು ಕರೆದರು. ಹಾಲಮ್ಮ ಬಾಗಿಲ ಬಳಿಯೇ ನಿಂತು, "ನಂಗೆ ಬ್ಯಾಡ ಸಾಬರೇ," ಅಂದಳು.

"ಬ್ಯಾಡ ಅಂದ್ರೆ ಹೆಂಗಮ್ಮ? ದೊಡ್ಡ ಮಗಳಿಗೆ ತೊಡಿಸಿ ಚಿಕ್ಕ ಮಗಳ್ನ ಬಿಟ್ಟು ಹೋದ್ರೆ ಮನೇಲಿ ನಮ್ಮ ಬೀಬಿ ನನಗೆ ಊಟ ಹಾಕಲ್ಲ."

"ಎಲ್ಲಿಗೆ ಹೋಗೋಳು ನಾನು, ಬಳೆ ತೊಟ್ಕೊಂಡು?"

"ಎಲ್ಲೂ ಹೋಗ್ಬ್ಯಾಡ. ಮುದ್ದೆ ಕಟ್ಟುವಾಗ ಸದ್ದಾಯ್ತದೆ, ನಿಮ್ಮಣ್ಣನಿಗೆ ಊಟ ಆಯ್ತು ಅಂತ ಗೊತ್ತಾಯ್ತದೆ. ಕೈ ಕೊಡಮ್ಮ."

ಕೈ ಕೊಟ್ಟಳು. ಅವರು ಒಂದು ಬಳೆಯೂ ಒಡೆಯದಂತೆ ಮೆಲ್ಲಗೆ ಹಿಂಡಿ ಹಿಂಡಿ ತೊಡಿಸಿದರು. ಕಂಬದ ಬಳಿ ಕೂತವನು ಆ ಕೈಗಳನ್ನೇ ನೋಡುತ್ತಿದ್ದ. ಹಾಲಮ್ಮ ಅತ್ತ ತಿರುಗದೆ ಒಳಗೆ ಹೋದಳು.

ಹೊರಡುವ ದಿನ ಬಂತು. ಬಿಸಿಲು ಏರುವ ಮೊದಲೇ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ವೀಳ್ಯದೆಲೆ, ಅಡಿಕೆ, ರವಿಕೆ ಕಣ. ಹೆಂಗಸರು ಸೋಬಾನೆ ಹೇಳುತ್ತ ಹೇಳುತ್ತಲೇ ಅಳುತ್ತಿದ್ದರು. ಪೂಜಾರಪ್ಪ ಗಂಟೆ ಬಾರಿಸಿದರು, ತಮಟೆ ಶುರುವಾಯಿತು. ನಾನು ಮುಂದೆ, ಶಿವಣ್ಣ ಹಿಂದೆ, ಅಮ್ಮ ಎದ್ದಳು. ಅಂಗಳದಲ್ಲಿ ಒಂದು ಸುತ್ತು ಬಂದು ಬೀದಿಯ ಕಡೆ ತಿರುಗಿದೆವು. ನಾನು ಹೆಜ್ಜೆ ಎತ್ತಿದೆ. ಅಡ್ಡೆ ಬರಲಿಲ್ಲ.

ಮೊದಲ ಸಲ ಅದು ವಿಶೇಷವಲ್ಲ. ತವರು ಬಿಡುವಾಗ ಅಮ್ಮ ಸ್ವಲ್ಪ ಹಟ ಮಾಡುವುದುಂಟು. ಜನ "ಹೋಗ್ಬಾ ತಾಯಿ, ಹೋಗ್ಬಾ," ಅಂದರು. ಮತ್ತೆ ಎತ್ತಿದೆ. ಬರಲಿಲ್ಲ. ತಮಟೆ ನಿಂತಿತು.

ಪೂಜಾರಪ್ಪ ಮುಂದೆ ಬಂದು ಕೈಮುಗಿದರು. "ಏನು ಕೊರತೆಯಾಯ್ತು ತಾಯಿ? ನಾವು ಕೇಳ್ತೀವಿ. ಹೌದಾದ್ರೆ ಮುಂದೆ ಬಾ, ಅಲ್ಲದಿದ್ರೆ ಹಿಂದೆ ಸರಿ. ಸೀರೆ ಒಪ್ಪಿಗೆ ಆಗ್ಲಿಲ್ವಾ?"

ಅಡ್ಡೆ ಹಿಂದಕ್ಕೆ ಸರಿಯಿತು.

"ಮಡಿಲಕ್ಕೀಲಿ ಏನಾದ್ರೂ ಮರೆತ್ರಾ?"

ಹಿಂದಕ್ಕೆ.

"ಅರಿಶಿನದ ಕೊಂಬು ಇಟ್ಟಿಲ್ಲ, ಅದಕ್ಕೇ ಇರ್ಬೇಕು," ಎಂದು ಯಾರೋ ಹೆಂಗಸರು ಒಳಗೆ ಓಡಿ ತಂದು ಮಡಿಲಿಗೆ ಸೇರಿಸಿದರು. ಅದೂ ಅಲ್ಲ. ಅಮ್ಮ ನಿಂತಲ್ಲೇ ನಿಂತಳು. ನಂಜಪ್ಪಮಾವ, "ಬಿಸಿಲು ಜಾಸ್ತಿ ಆಯ್ತೇನೋ, ತಂಪು ಹೊತ್ತಿಗೆ ಹೋಗಣ ಅಂತಾಳೇನೋ ಕೇಳ್ರಿ," ಅಂದರು. "ನಿನಗೆ ಬಿಸಿಲಾದ್ರೆ ನೆರಳಿಗೆ ಹೋಗಯ್ಯ, ಅಮ್ಮನ ಬಾಯಿಗೆ ನಿನ್ನ ಮಾತು ತುರುಕಬ್ಯಾಡ," ಅಂದರು ಅಜ್ಜಿ.

ಇದೆಲ್ಲ ನಡೆಯುವಾಗ ನನ್ನ ಭುಜಕ್ಕೆ ಬೇರೆಯೇ ಒಂದು ಸಂಗತಿ ಗೊತ್ತಾಗುತ್ತಿತ್ತು. ಅಜ್ಜಂಪುರದಲ್ಲಿ ತೂಕದ ಮೂಟೆಗಳನ್ನು ಬೊಂಬಿಗೆ ನೇತುಹಾಕಿ ಇಬ್ಬರು ಹೊರುತ್ತಿದ್ದೆವು. ಹಿಂದಿನವನು ಕಾಣಿಸುವುದಿಲ್ಲ, ಆದರೆ ಅವನಿಗೆ ದಣಿವಾಗಿದೆಯೋ, ಕಾಲು ಜಾರಿತೋ, ಇವತ್ತು ಕೆಲಸಕ್ಕೆ ಮನಸ್ಸೇ ಇಲ್ಲವೋ, ಎಲ್ಲ ಬೊಂಬಿನಲ್ಲೇ ತಿಳಿಯುತ್ತದೆ. ಅಮ್ಮ ಆಡುವಾಗಿನ ತೂಕ ನನಗೆ ಗೊತ್ತು. ಅದು ನೀರು ತುಂಬಿದ ಹಂಡೆಯ ಹಾಗೆ, ತಾನೇ ತಾನಾಗಿ ಅತ್ತಿತ್ತ ವಾಲುತ್ತದೆ. ಇದು ಹಾಗಿರಲಿಲ್ಲ. ಇದು ಹಿಡಿತ. ಗಳ ಸಣ್ಣಗೆ ನಡುಗುತ್ತಿತ್ತು. ಹಿಂದೆ ಒಬ್ಬ ಮನುಷ್ಯ ಎರಡೂ ಕಾಲು ನೆಲಕ್ಕೆ ಊರಿ, ಬೇಡ, ಬೇಡ ಅನ್ನುತ್ತಿದ್ದ.

ನನ್ನ ಶಕ್ತಿಗೆ ಒಂದು ಸಲ ಬಲವಾಗಿ ಎಳೆದಿದ್ದರೆ ಅಡ್ಡೆ ಬೀದಿಗೆ ಬಂದುಬಿಡುತ್ತಿತ್ತು. ಇಲ್ಲವೇ ಗಳ ಇಳಿಸಿ, ಇವನು ಹಿಡಿದಿದ್ದಾನೆ ಅಂತ ಎಲ್ಲರ ಮುಂದೆ ಹೇಳಬಹುದಿತ್ತು. ಹೇಳಿದ್ದರೆ ಅವನನ್ನು ಎರಡೂ ಊರಿನವರು ಸುಮ್ಮನೆ ಬಿಡುತ್ತಿರಲಿಲ್ಲ. ತಾಯಿಯ ಮಾತು ಮೀರಲಾರದೆ, ಹೆಂಡತಿಯನ್ನು ಬಾ ಅನ್ನಲಾರದೆ, ಬಾಯಿ ಕಟ್ಟಿಸಿಕೊಂಡು ಬಂದವನಿಗೆ ಹೇಳಲು ಉಳಿದದ್ದು ಆ ಎರಡು ಗಳ ಮಾತ್ರ. ನಾನು ಎಳೆಯುವುದನ್ನು ಬಿಟ್ಟೆ. ಹೆಜ್ಜೆ ಸಡಿಲ ಮಾಡಿ ಅವನ ಜೊತೆ ನಿಂತೆ. ಗಳ ನಡುಗುವುದು ಕಮ್ಮಿಯಾಯಿತು. ನಾನು ನಿಂತೆ ಎಂದು ಅವನಿಗೂ ಗೊತ್ತಾಯಿತು.

ಅಜ್ಜಿ ಕೋಲೂರಿಕೊಂಡು ಅಡ್ಡೆಯ ಮುಂದೆ ಬಂದರು. ಅಮ್ಮನ ಮುಖವನ್ನು ದಿಟ್ಟಿಸಿ ನೋಡಿದರು. ಆಮೇಲೆ ಪೂಜಾರಪ್ಪನಿಗೆ ಹೇಳಿದರು: "ಸೀರೆ ಸೆರಗು ಅಂತ ಏನು ಕೇಳ್ತೀಯೋ. ತವರಿಂದ ಒಬ್ಳೇ ಹೋಗೋಕೆ ಮನಸ್ಸಿಲ್ಲ ಅವ್ಳಿಗೆ. ಜೊತೆಗೆ ತಂಗೀನ ಕಳಿಸ್ಬೇಕಾ, ಕೇಳು."

ಪೂಜಾರಪ್ಪ ಕೇಳಿದರು.

ಗಳ ಮುಂದಕ್ಕೆ ಬಂತು. ತಳ್ಳಿದ ಹಾಗಲ್ಲ. ಮಲಗಿದ ಮಗುವನ್ನು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಕೊಡುತ್ತಾರಲ್ಲ, ಹಾಗೆ ಬಂದು ನನ್ನ ಭುಜದಲ್ಲಿ ಕೂತಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ.

ಅಂಗಳದ ತುಂಬ ಗುಜುಗುಜು. ಅವ್ವ ಬಾಗಿಲಲ್ಲೇ ಕುಸಿದು ಕೂತಳು. "ಅಮ್ಮನೇ ಕರೆದ್ಮೇಲೆ ಇನ್ನೇನು ಕಣೇ, ಹೊರಡು, ಹೊರಡು," ಎಂದು ಹೆಂಗಸರು ಹಾಲಮ್ಮನನ್ನು ತಬ್ಬಿಕೊಂಡರು. ಹಾಲಮ್ಮ ಅವರ ಕೈಗಳನ್ನು ಬಿಡಿಸಿಕೊಂಡು ಅಂಗಳಕ್ಕೆ ಇಳಿದಳು. ನನ್ನನ್ನು ದಾಟಿ, ಅಮ್ಮನನ್ನು ದಾಟಿ, ಅಡ್ಡೆಯ ಹಿಂದಕ್ಕೆ ಹೋದಳು. ನನಗೆ ತಿರುಗಿ ನೋಡಲು ಆಗುತ್ತಿರಲಿಲ್ಲ. ಅವಳ ಮಾತು ಮಾತ್ರ ಕೇಳಿತು.

"ಅಕ್ಕ ಕರೆದ್ಲು, ಸರಿ. ನೀವು?"

ಅಡ್ಡೆ ಹೊತ್ತವನು ಮಾತಾಡುವಂತಿಲ್ಲ. ಅದು ಅವಳಿಗೂ ಗೊತ್ತು. ಗೊತ್ತಿದ್ದೇ ಕೇಳಿದಳು. ಬಂಡೆಹಳ್ಳಿಯಿಂದ ಬಂದ ಹಿರಿಯರು ನಿಂತಿದ್ದರು, ನಮ್ಮೂರಿನವರು ನಿಂತಿದ್ದರು. ಒಂದು ಕರು ಅಂಬಾ ಅಂದಿತು.

"ಬಾ," ಅಂದ ಶಿವಣ್ಣ.

ಒಡೆದ ದನಿ. ಆದರೆ ಎಲ್ಲರಿಗೂ ಕೇಳಿತು. ಬಂಡೆಹಳ್ಳಿಯ ಹಿರಿಯರೊಬ್ಬರು, "ಲೇ, ಹೊತ್ಕೊಂಡು..." ಎಂದು ಶುರು ಮಾಡುವಷ್ಟರಲ್ಲಿ ಪೂಜಾರಪ್ಪ ಗಂಟೆಯನ್ನು ಜೋರಾಗಿ ಬಾರಿಸಿಬಿಟ್ಟರು. ತಮಟೆಯವನು ಅವರ ಮುಖ ನೋಡಿ ಬಡಿಯತೊಡಗಿದ. ಆ ಸದ್ದಿನಲ್ಲಿ ಮಿಕ್ಕ ಮಾತು ಯಾರಿಗೂ ಬೇಕಾಗಲಿಲ್ಲ.

ಅಮ್ಮನ ಮಡಿಲಕ್ಕಿ ಗಂಟನ್ನು ಸೊಂಟಕ್ಕೆ ಏರಿಸಿಕೊಂಡು ಹಾಲಮ್ಮ ಗಡಿಯ ತನಕ ನಡೆದಳು. ಗಡಿಯಲ್ಲಿ ನಾನು ಗಳ ಇಳಿಸಿ ಬಂಡೆಹಳ್ಳಿಯವನ ಭುಜಕ್ಕೆ ಕೊಟ್ಟೆ. ತಂಗಿ ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ಬಿಡಲಿಲ್ಲ. ಏನಾದರೂ ಹೇಳಬೇಕು ಅನ್ನಿಸಿ, "ಹೊಸ ಚಪ್ಪಲಿ ಕೊಡಿಸ್ಬೇಕಿತ್ತು ನಿಂಗೆ," ಅಂದೆ. "ಅಕ್ಕನೇ ಬರಿಗಾಲಲ್ಲಿ ಬಂದವ್ಳೆ, ನಂಗೇನು ಹೋಗಣ್ಣ," ಅಂದು ಅತ್ತಳು, ನಕ್ಕಳು. ಅವರು ಹೊಂಗೆಮರಗಳ ಸಾಲು ದಾಟುವ ತನಕ ನೋಡಿದೆ. ಹಾಲಮ್ಮ ಅಡ್ಡೆಯ ಹಿಂದೆ ನಡೆಯುತ್ತಿರಲಿಲ್ಲ. ಗಳದ ಪಕ್ಕದಲ್ಲಿ, ಶಿವಣ್ಣನ ಸಮಕ್ಕೆ ನಡೆಯುತ್ತಿದ್ದಳು.

ಬಂಡೆಹಳ್ಳಿಯಲ್ಲಿ ನಡೆದದ್ದು ಆಮೇಲೆ ಹಾಲಮ್ಮನೇ ಹೇಳಿದ್ದು. ಅಮ್ಮ ಊರಿಗೆ ವಾಪಸ್ಸು ಬಂದಾಗ ಮನೆಮನೆಯ ಮುಂದೆ ನಿಲ್ಲುತ್ತಾಳೆ, ಮನೆಯ ಹಿರಿಯಳು ಆರತಿ ತರಬೇಕು. ಅತ್ತೆ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಎತ್ತಿದ ಮೇಲೆ ನೋಡಿದರು, ಗಳದ ಪಕ್ಕದಲ್ಲಿ ಮಡಿಲಕ್ಕಿ ಗಂಟು ಹೊತ್ತ ಸೊಸೆ. ಕೈ ನಿಂತಿತು. ಆದರೆ ಅಮ್ಮನಿಗೆ ಎತ್ತಿದ ಆರತಿಯನ್ನು ಅರ್ಧಕ್ಕೆ ಇಳಿಸುವಂತಿಲ್ಲ. ಇಬ್ಬರನ್ನೂ ಸೇರಿಸಿ ಬೆಳಗಿದರಂತೆ. "ಎಷ್ಟು ಇಳಿದೋಗಿದೀಯೇ, ನಿಮ್ಮಣ್ಣ ಮುದ್ದೆ ಇಕ್ತಿರ್ಲಿಲ್ವಾ?" ಅಂದರಂತೆ. ಆ ಮಾತು ಕೇಳಿ ನನಗೆ ಸಿಟ್ಟು ಬಂತು, ನಗುವೂ ಬಂತು.

ಮುಂದಿನ ಸಲ ಅಮ್ಮ ತವರಿಗೆ ಬಂದಾಗ ಹಾಲಮ್ಮ ಬರಲಿಲ್ಲ. ಬಂಡೆಹಳ್ಳಿಯಲ್ಲಿ ಅವಳಿಗೆ ಆಗಷ್ಟೇ ಅಂಬೆಗಾಲಿಡುವ ಹೆಣ್ಣುಮಗು, ಸುಗ್ಗಿ ಕೆಲಸ ಬೇರೆ. ಗಳದ ಹಿಂತುದಿಗೆ ಶಿವಣ್ಣನೇ ಬಂದಿದ್ದ, ಗಡ್ಡ ಹೆರೆದುಕೊಂಡು. ಹೊರಡುವ ದಿನ ನಾನು ಮುಂದೆ, ಅವನು ಹಿಂದೆ. ಅಮ್ಮ ಹಟ ಮಾಡಿಯಾಳೆಂದು ನಾನು ಕಾಲು ಗಟ್ಟಿ ಊರಿಕೊಂಡು ನಿಂತಿದ್ದೆ. ತಮಟೆ ಶುರುವಾದದ್ದೇ ತಡ, ಗಳ ಹಿಂದಿನಿಂದ ಎಂಥ ರಭಸದಲ್ಲಿ ಬಂತೆಂದರೆ ನಾನು ಬೀದಿಗೆ ಮುಗ್ಗರಿಸುವುದೊಂದು ಬಾಕಿ. ಸಂಜೆ ಹೊಲದಿಂದ ಮನೆ ಕಡೆ ತಿರುಗಿದ ಎತ್ತಿನ ಹಾಗೆ ತಳ್ಳಿಕೊಂಡು ಬರುತ್ತಿದ್ದ.

ಗಳ ಭುಜದ ಮೇಲಿದ್ದಾಗ ಮಾತಾಡಬಾರದು. ಆದರೂ ಆಡಿದೆ.

"ಸಾವಕಾಶ ಕಣಯ್ಯ ಶಿವಣ್ಣ. ನಿನ್ನ ಮನೆ ಎಲ್ಲೂ ಓಡೋಗಲ್ಲ."

ಹಿಂದೆ ಅವನು ನಗುತ್ತಿದ್ದ. ಎರಡೂ ಗಳ ನನ್ನ ಭುಜದ ಮೇಲೆ ಸಣ್ಣಗೆ ಕುಲುಕುತ್ತಿದ್ದವು.